ತಿದ್ದಿದರೂ ತಿದ್ದದ ಮಂಗಳವಾರ

ನಾನು ಹುಟ್ಟಾ ಪುಕ್ಕಲ. ಜಿರಳೆಗೂ ಹಲ್ಲಿನ ಡಾಕ್ಟರಿಗೂ ಹೆದರುತ್ತೇನೆ. ಆದರೆ ಕಂಪ್ಯೂಟರಿನ ಮೇಲೆ ‘ಯಶಸ್ವಿಯಾಗಿ ತಿದ್ದಲಾಗಿದೆ’ ಎಂಬ ಹಸಿರು ಅಕ್ಷರ ಕಂಡಾಗ ಆಗುವಷ್ಟು ಹೆದರಿಕೆ ನನಗೆ ಇನ್ನಾವುದಕ್ಕೂ ಆಗುವುದಿಲ್ಲ.

ಧಾರವಾಡದ ನಮ್ಮ ಓಣಿಗೆ ಆಗ ಎಂಟು ದಿನಕ್ಕೊಮ್ಮೆ ನೀರು. ಬರುವ ಹಿಂದಿನ ದಿನ ‘ಹಳೇ ನೀರು’ ಚೆಲ್ಲಿ ಹಂಡೆ, ಬ್ಯಾರಲ್ಲು ತಿಕ್ಕಿ ತೊಳೆಯುವುದು ನಮ್ಮವರ ರೂಢಿ. ಎಂಟು ದಿನ ಜೋಪಾನ ಮಾಡಿದ ನೀರು ಹೊಸ ನೀರಿನ ಸುದ್ದಿ ಕೇಳಿದೊಡನೆ ಹಳಸಿಬಿಡುತ್ತದೆ. ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದ ನಾನು ಜಂಬಕ್ಕೆ ಬಿದ್ದು, ನೀರು ಬರುವ ದಿನ ತಿಳಿಸಲೆಂದು ಪೈಥಾನ್‌ನಲ್ಲಿ ಓಣಿಗೊಂದು ವೆಬ್ ಪುಟ ಮಾಡಿದೆ. ದಿನ ಬದಲಾದರೆ ತಿದ್ದಲು ಒಂದು ಫಾರ್ಮನ್ನೂ ಇಟ್ಟೆ.

ಒಂದು ಸೋಮವಾರ ಬೆಳಿಗ್ಗೆ ನೀರು ಬಿಡುವ ಫಕೀರಪ್ಪ ಕಾಲೇಜಿಗೆ ಫೋನ್ ಮಾಡಿದ. “ಸರ, ಪೈಪ ಒಡದೈತ್ರಿ. ನಾಳೆ ನೀರ ಬರೂದಿಲ್ಲ, ಶುಕ್ರವಾರ ಬರತಾವ್ರಿ.” ಫಾರ್ಮನ್ನು ಮೊದಲ ಸಲ ತೆರೆದು, ಮಂಗಳವಾರವನ್ನು ಶುಕ್ರವಾರ ಮಾಡಿ ಗುಂಡಿ ಒತ್ತಿದೆ. ಹಸಿರು ಅಕ್ಷರ ಬಂತು. ಪುಟ ನೋಡುವ ಗೋಜಿಗೆ ಹೋಗದೆ ಚಹಾ ಕುಡಿಯಲು ಹೋದೆ.

ಸಂಜೆ ಓಣಿಗೆ ತಿರುಗಿದರೆ ಗಟಾರ ತುಂಬಿ ಹರಿಯುತ್ತಿತ್ತು. ಎದುರು ಮನೆಯ ಶಾಂತಕ್ಕ ತೊಳೆದ ಬ್ಯಾರಲ್ಲು ಬೋರಲು ಹಾಕಿದ್ದರು. ನಾಳೆ ನೀರು ಬರುತ್ತದೆಂದು ಓಣಿಯವರೆಲ್ಲ ಹಳೇ ನೀರು ಚೆಲ್ಲಿದ್ದರು. ಉಳಿದವರು ಹೇಗೋ ಬೋರ್‌ವೆಲ್ಲಿಗೆ ಹೋಗಿ ಎರಡು ಕೊಡ ತಂದುಕೊಂಡಾರು. ಶಾಂತಕ್ಕನ ಮನೆಯಲ್ಲಿ ಬುಧವಾರ ಬಸುರಿ ಮಗಳ ಕುಬಸ, ನಲವತ್ತು ಮಂದಿಯ ಊಟ.

ಒಳಗೆ ಓಡಿ ಪುಟ ತೆರೆದೆ. ‘ನೀರು: ಮಂಗಳವಾರ’ ಎಂದೇ ಇತ್ತು. ತಿದ್ದಿದೆ, ಹಸಿರು ಅಕ್ಷರ, ಮತ್ತೆ ಮಂಗಳವಾರ. ಹೀಗೇ ಒಟ್ಟು ಆರು ಸಲ ತಿದ್ದಿ, ಕೊನೆಗೆ ಡೇಟಾಬೇಸಿನೊಳಗೆ ಇಣುಕಿದರೆ ಮಂಗಳವಾರದ ಹಿಂದೆ, ಬೆಳಗಿನದೂ ಸೇರಿ, ಏಳು ಶುಕ್ರವಾರಗಳು ಸಾಲಾಗಿ ಕೂತಿದ್ದವು. ಯಾವ ಹಳೆಯ ದಾಖಲೆಯನ್ನು ತಿದ್ದಬೇಕೆಂದು ಫಾರ್ಮ್‌ಗೆ ಹೇಳುವುದನ್ನೇ ನಾನು ಮರೆತಿದ್ದೆ. ಅದು ಪ್ರತಿಸಲ ಹೊಸ ದಾಖಲೆ ಬರೆಯುತ್ತಿತ್ತು. ಪುಟ ಮೊದಲಿನದನ್ನೇ ತೋರಿಸುತ್ತಿತ್ತು. ಕೋಡಿಗೆ ಒಂದೇ ಪದ ಸೇರಿಸಿದೆ, ಸರಿಹೋಯಿತು. ಗಟಾರಕ್ಕೆ ಹೋದ ನೀರನ್ನು ವಾಪಸ್ ತರುವ ಪದ ಪೈಥಾನ್‌ನಲ್ಲಿ ಇರಲಿಲ್ಲ.

ಅಷ್ಟರಲ್ಲಿ ಬಾಗಿಲಲ್ಲಿ ಶಾಂತಕ್ಕ. “ತಮ್ಮಾ, ನಾಳೆ ಎಷ್ಟಕ್ಕ ಬರತಾವ ನೀರು? ಅಡಗಿಯವ ಕೇಳಾಕತ್ತಾನ.”

ಸುಳ್ಳು ಹೇಳೋಣವೆಂದು ಬಾಯಿ ತೆರೆದೆ. ಹೆದರಿಕೆಗೆ ಸುಳ್ಳೂ ಹೊರಡಲಿಲ್ಲ. “ಶುಕ್ರವಾರ ಅಕ್ಕಾ. ನಂದ ತಪ್ಪಾತು.”

ಅವರು ಬೈಯಲಿಲ್ಲ, ಹೊಸ್ತಿಲ ಹತ್ತಿರ ಕೂತು ನಲವತ್ತು ಮಂದಿಗೆ ಎಷ್ಟು ಕೊಡ ಬೇಕೆಂದು ಬೆರಳು ಮಡಚಿ ಎಣಿಸತೊಡಗಿದರು. ಬೈದಿದ್ದರೇ ಚೆನ್ನಾಗಿತ್ತು.

ನನ್ನ ಹೆಂಡತಿ ಕೈ ಒರೆಸಿಕೊಳ್ಳುತ್ತ ಹೊರಬಂದಳು. “ಅಂಜಬ್ಯಾಡ್ರಿ ಅಕ್ಕಾ. ನಮ್ಮ ಸಂಪಿನ್ಯಾಗ ಬೇಕಾದಷ್ಟ ನೀರ ಅದಾವು. ಒಂದ ತಂಬಿಗಿನೂ ಚೆಲ್ಲಿಲ್ಲ ನಾ.”

“ನೀ ಪುಟ ನೋಡಿದ್ದಿಲ್ಲೇನು?” ಎಂದೆ.

“ನೋಡಿದ್ನಲ್ರಿ. ಅದಕ್ಕ ಚೆಲ್ಲಲಿಲ್ಲ.”

ಮರುದಿನ ರಜೆ ಹಾಕಿ ನಮ್ಮ ಸಂಪಿನಿಂದ ಅವರ ಬ್ಯಾರಲ್ಲಿಗೆ ಕೊಡ ಹೊತ್ತೆ. ಇಡೀ ಓಣಿ ನನ್ನನ್ನು ನಂಬಿ ನೀರು ಚೆಲ್ಲಿತ್ತು. ನಂಬದೆ ಉಳಿದವಳು, ಹದಿನೆಂಟು ವರ್ಷ ನನ್ನೊಡನೆ ಸಂಸಾರ ಮಾಡಿದವಳೊಬ್ಬಳೇ.