ಛೇದ ಬಿಟ್ಟ ಲೆಕ್ಕದ ಮೇಷ್ಟ್ರು

ಲೆಕ್ಕದ ಮೇಷ್ಟ್ರಾದವನು ಮನೆಯಲ್ಲಿ ಲೆಕ್ಕ ತಪ್ಪಿದರೆ ಯಾರ ಹತ್ತಿರವೂ ಹೇಳಿಕೊಳ್ಳುವಂತಿಲ್ಲ. ಇಷ್ಟು ವರ್ಷ ನಾನೂ ಹೇಳಿರಲಿಲ್ಲ. ಎಂಬತ್ತರ ದಶಕದ ಕೊನೆಯಲ್ಲಿ ನಾನು ಚಿಂತಾಮಣಿಯ ಹೈಸ್ಕೂಲೊಂದರಲ್ಲಿ ಭಿನ್ನರಾಶಿ ಕಲಿಸುತ್ತಿದ್ದೆ. ಮೇಲಿನ ಅಂಶವನ್ನಷ್ಟೇ ಬರೆದು ಕೆಳಗಿನ ಛೇದವನ್ನು ಬಿಟ್ಟವರು ಬೆಂಚಿನ ಮೇಲೆ ನಿಲ್ಲಬೇಕಿತ್ತು. ಆ ದಿನಗಳಲ್ಲೇ ಚಿಕ್ಕಬಳ್ಳಾಪುರದ ಡಾಕ್ಟರೊಬ್ಬರು ನನ್ನ ಹೆಂಡತಿ ಸರೋಜಳನ್ನು ಪರೀಕ್ಷಿಸಿ, ಪಿತ್ತಕೋಶದಲ್ಲಿ ಕಲ್ಲುಗಳಿವೆ, ಆಪರೇಷನ್ ಮಾಡಿಸಿಬಿಡಿ ಎಂದರು. ತಲೆಯಾಡಿಸಿ ಬಂದೆ. ಬಂದ ವಾರವೇ, ಚಿಕಿತ್ಸೆಯಿಂದಲೇ ತೊಂದರೆಗೆ ಒಳಗಾದವರು ಎಷ್ಟು ಮಂದಿ ಎಂದು ಪತ್ರಿಕೆಯೊಂದು ದಪ್ಪಕ್ಷರಗಳಲ್ಲಿ ಅಚ್ಚು ಹಾಕಿತು. ಆ ಸಂಖ್ಯೆ ನೋಡಿ ಆಪರೇಷನ್ನಿನ ಮಾತನ್ನೇ ಕೈಬಿಟ್ಟೆ. ಒಟ್ಟು ಎಷ್ಟು ಜನ ಚಿಕಿತ್ಸೆ ಪಡೆದಿದ್ದರೆಂದು ಪತ್ರಿಕೆ ಬರೆದಿರಲಿಲ್ಲ, ನಾನೂ ಕೇಳಲಿಲ್ಲ.

ಅಷ್ಟು ಸಾಲದೆಂದು ನಾನೇ ಒಂದು ಸಮೀಕ್ಷೆಗೆ ಕೂತೆ. ನಮ್ಮ ಬೀದಿಯಲ್ಲಿ ಈಚೆಗೆ ತೀರಿಕೊಂಡವರ ಹೆಸರುಗಳನ್ನು ಹಾಳೆಯ ಒಂದು ಕಡೆ ಬರೆದೆ. ಹೆಚ್ಚುಕಡಿಮೆ ಎಲ್ಲರೂ ಆಸ್ಪತ್ರೆಗೆ ಹೋದವರೇ. ಇನ್ನೊಂದು ಕಡೆ, ಆಸ್ಪತ್ರೆಯ ಮೆಟ್ಟಿಲು ಹತ್ತದೆ ಆರಾಮಾಗಿ ಓಡಾಡಿಕೊಂಡಿರುವವರು. ಆ ಕಡೆ ಹಾಳೆ ಸಾಲಲಿಲ್ಲ. ಎದುರು ಮನೆಯ ವೆಂಕಟಪ್ಪನವರು ಪಟ್ಟಿ ನೋಡಿ, ಆಸ್ಪತ್ರೆಗಳನ್ನು ಮುಚ್ಚಿದರೆ ದೇಶ ಉದ್ಧಾರವಾಗುತ್ತದೆಂದು ಅರ್ಧ ಕನ್ನಡದಲ್ಲಿ, ಅರ್ಧ ತೆಲುಗಿನಲ್ಲಿ ಹೊಗಳಿದರು. ಬದುಕಿರುವವರ ಪಟ್ಟಿಯಲ್ಲಿ ಅವರ ಹೆಸರೇ ಮೊದಲಿತ್ತು.

ಇತ್ತ ಸರೋಜ ಎಣ್ಣೆ ಬಿಟ್ಟಳು, ಬೇಳೆ ಬಿಟ್ಟಳು, ಕೊನೆಗೆ ಗಂಜಿಗೆ ಬಂದು ನಿಂತಳು. ನೋವು ಬಂದಾಗ ಅಡುಗೆಮನೆಯ ಗೋಡೆ ಹಿಡಿದು ನಿಲ್ಲುವಳು. ನಾನು ನೋಡಿದೆನೆಂದು ಗೊತ್ತಾದರೆ ಸೆರಗು ಸರಿಮಾಡಿಕೊಳ್ಳುವವಳಂತೆ ನಟಿಸುವಳು. ಒಂದು ಭಾನುವಾರ ಬೆಳಿಗ್ಗೆ ಆ ಹಾಳೆ ಹಿಡಿದು ನನ್ನೆದುರು ಬಂದು ಕೂತಳು.

“ಸಾಯಂಕಾಲ ಸ್ಪೆಷಲ್ ಕ್ಲಾಸ್ ತಗೋತೀರಲ್ಲ, ಅದಕ್ಕೆ ಯಾರು ಬರ್ತಾರೆ?”

ಲೆಕ್ಕದಲ್ಲಿ ಹಿಂದುಳಿದ ಮಕ್ಕಳು ಎಂದೆ.

“ಪರೀಕ್ಷೇಲಿ ಜಾಸ್ತಿ ಫೇಲಾಗೋರು ಯಾರು?”

ಅವರೇ ಎಂದು ಒಪ್ಪಿಕೊಳ್ಳಬೇಕಾಯಿತು.

“ಹಂಗಾದ್ರೆ ನಿಮ್ಮ ಕ್ಲಾಸಿಗೆ ಬಂದೇ ಫೇಲಾಗ್ತಾರೆ ಅನ್ನಿ.”

ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಬಿ.ಎಸ್ಸಿ. ಓದಿದ ನನ್ನ ಪಟ್ಟಿಯ ತಪ್ಪನ್ನು ಮೂರೇ ಮಾತಿನಲ್ಲಿ ಹಿಡಿದಿದ್ದಳು. ಸರೋಜ ಹಾಳೆಯನ್ನು ಮಡಿಸಿ ನನ್ನ ಕೈಯಲ್ಲಿಟ್ಟಳು.

“ಭಯ ಆಗ್ತಿದ್ರೆ ಭಯ ಅಂತ ಹೇಳಿ. ನಂಗೂ ಆಗ್ತಿದೆ. ಲೆಕ್ಕ ಯಾಕೆ ಹೇಳ್ತೀರ?”

ಮದುವೆಯಾದ ಮೇಲೆ ಮೊದಲ ಸಲ, ಭಯವಾಗುತ್ತಿದೆ ಕಣೇ ಎಂದೆ. ಹೇಳಿದ ಮೇಲೆ ಅದು ಸ್ವಲ್ಪ ಕಡಿಮೆಯಾಯಿತು.

ಮರುದಿನ ಇಬ್ಬರೂ ಚಿಕ್ಕಬಳ್ಳಾಪುರದ ಬಸ್ಸು ಹತ್ತಿದೆವು. ಆಪರೇಷನ್ ನಡೆದ ದಿನ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು, ಒಳಗೆ ಹೋದವರೆಷ್ಟು, ನಡೆದುಕೊಂಡು ಹೊರಗೆ ಬಂದವರೆಷ್ಟು ಎಂದು ನೋಡುತ್ತಿದ್ದೆ. ಬರುವವರು ಬರುತ್ತಲೇ ಇದ್ದರು. ಅಷ್ಟು ಜನ ಗುಣವಾದವರನ್ನು ನಾನು ಅದುವರೆಗೆ ಯಾವ ಪಟ್ಟಿಯಲ್ಲೂ ಸೇರಿಸಿರಲಿಲ್ಲ. ಡಾಕ್ಟರು ಬಂದು ಎಲ್ಲ ಸರಿಹೋಯಿತು ಎಂದಾಗ ಎದ್ದು ಕೈ ಮುಗಿದೆ.

ಮನೆಗೆ ಬಂದ ಮೇಲೆ ನೆರೆಯವರೆಲ್ಲ ನೋಡಲು ಬಂದರು. ಹೆದರಿಕೆಯಾಗಲಿಲ್ಲವೇ ಎಂದು ವೆಂಕಟಪ್ಪನವರ ಹೆಂಡತಿ ಕೇಳಿದರು. ದಿಂಬಿಗೆ ಒರಗಿದ್ದ ಸರೋಜ ನನ್ನತ್ತ ನೋಡದೆ ಹೇಳಿದಳು: “ನಮ್ಮನೆಯವ್ರು ಧೈರ್ಯ ಕೊಟ್ರು. ಇಲ್ದಿದ್ರೆ ನಾನು ಹೋಗ್ತಾನೇ ಇರ್ಲಿಲ್ಲ.”

ಎಲ್ಲರೂ ನನ್ನನ್ನು ಮೆಚ್ಚುಗೆಯಿಂದ ನೋಡಿದರು. ಕಾಫಿ ತರುತ್ತೇನೆಂದು ಒಳಗೆ ಎದ್ದು ಹೋದವನು, ಸಕ್ಕರೆ ಡಬ್ಬಿ ಕಣ್ಣೆದುರೇ ಇದ್ದರೂ ಕಾಣದೆ ಬಹಳ ಹೊತ್ತು ಅದನ್ನೇ ಹುಡುಕಿದೆ.