ಮೊಣಕೈಯ ವಾರಸುದಾರ

ನಮ್ಮ ಎಸ್ಸೆಸ್ಸೆಲ್ಸಿ ತರಗತಿಯ ಗುಂಪು ಫೋಟೋದಲ್ಲಿ ನನ್ನ ಗೆಳೆಯನೊಬ್ಬನಿದ್ದಾನೆ. ಪೂರ್ತಿ ಇಲ್ಲ, ಮೊಣಕೈ ಮಾತ್ರ. ಮಧ್ಯದ ಸಾಲಿನ ಎಡ ತುದಿಯಲ್ಲಿ, ಫೋಟೋದ ಅಂಚಿನಾಚೆಯಿಂದ ಒಂದು ಮೊಣಕೈ ಒಳಗೆ ಇಣುಕಿದೆ. ಅಂಗಿಯ ತೋಳು ಮಡಿಚಿದೆ. ಕೈ ಸೊಂಟದ ಮೇಲಿರಬೇಕು, ಸೊಂಟ ಅಂತ ಒಂದಿದ್ದರೆ. ಉಳಿದ ದೇಹ ಫೋಟೋದ ಹೊರಗೆ, ಅಂದರೆ ಜಗತ್ತಿನಲ್ಲಿ, ಉಳಿದುಹೋಗಿದೆ. ಆ ಮೊಣಕೈ ತನ್ನದು ಎಂದು ನನ್ನ ಗೆಳೆಯ ಇಪ್ಪತ್ತು ವರ್ಷಗಳಿಂದ ಹೇಳಿಕೊಂಡು ಬಂದಿದ್ದಾನೆ. ಹೊಲಕ್ಕೆ, ಬಾವಿಗೆ, ನಡುಗೋಡೆಗೆ ಹಕ್ಕು ಸಾಧಿಸುವವರನ್ನು ಬಳ್ಳಾರಿ ಕೋರ್ಟಿನ ಸುತ್ತಮುತ್ತ ಬೇಕಾದಷ್ಟು ಕಂಡಿದ್ದೇನೆ. ಮೊಣಕೈಗೆ ಹಕ್ಕು ಸಾಧಿಸುವವನನ್ನು ಇವನೊಬ್ಬನನ್ನೇ ಕಂಡದ್ದು!

ಒಂದು ಮೊಣಕೈಗೆ ಇಷ್ಟೇಕೆ ರಂಪ ಅಂತೀರಾ? ಅದಕ್ಕೊಂದು ಹಿನ್ನೆಲೆ ಇದೆ. ಅರವತ್ತರ ದಶಕದಲ್ಲಿ ನಾವು ಕುರುಗೋಡಿನಲ್ಲಿ ಹೈಸ್ಕೂಲು ಓದಿದವರು. ಅವನೂ ನಾನೂ ಮೂರು ವರ್ಷ ಒಂದೇ ಬೆಂಚು. ಎಸ್ಸೆಸ್ಸೆಲ್ಸಿ ವರ್ಷದ ಸಂಕ್ರಾಂತಿ ಮುಗಿಯುತ್ತಲೇ ಅವನ ತಂದೆ ಹಾಸಿಗೆ ಹಿಡಿದರು. ಮನೆಗೆ ಇವನೇ ಹಿರಿಯ ಮಗ. ಸಿರುಗುಪ್ಪದಲ್ಲಿ ಅಕ್ಕಿ ಗಿರಣಿಯಲ್ಲಿದ್ದ ಸೋದರಮಾವ ಬಂದು, ಶಾಲೆಯಲ್ಲಿ ಇವನ ಹೆಸರು ಹೊಡೆಸಿ ಕರೆದುಕೊಂಡು ಹೋದರು. ಪರೀಕ್ಷೆ ಹತ್ತಿರ ಬಂದಾಗ ನಮ್ಮ ಗುಂಪು ಫೋಟೋ ತೆಗೆದರು. ಹೀಗಾಗಿ ನಮ್ಮ ಬ್ಯಾಚಿನವನು ಎಂದು ತೋರಿಸಲು ಅವನ ಹತ್ತಿರ ಸರ್ಟಿಫಿಕೇಟು ಇಲ್ಲ, ಮಾರ್ಕ್ಸ್ ಕಾರ್ಡು ಇಲ್ಲ. ಇರುವುದು ಆ ಮೊಣಕೈಯೊಂದೇ.

ಅವನ ಹೇಳಿಕೆ ಹೀಗಿದೆ. ಫೋಟೋ ತೆಗೆಯುತ್ತಾರೆಂಬ ಸುದ್ದಿ ಸಿರುಗುಪ್ಪದವರೆಗೆ ಬಂತು. ಇವನು ಮಾವನಿಗೆ ಹೇಳದೆ, ತಲೆ ತುಂಬ ತೌಡಿನ ಧೂಳು ಹೊತ್ತುಕೊಂಡು ಬಸ್ಸು ಹತ್ತಿದ. ಬಂದವನೇ ಮಧ್ಯದ ಸಾಲಿನ ತುದಿಯಲ್ಲಿ ನಿಂತ. ಶಾಲೆ ಬಿಟ್ಟವರು ಒಂದು ಹೆಜ್ಜೆ ಪಕ್ಕಕ್ಕೆ ಸರಿಯಬೇಕೆಂದು ಮೇಷ್ಟ್ರೊಬ್ಬರು ಹೇಳಿದರು.

"ಒಂದು ಹೆಜ್ಜಿ ಸರಿ ಅಂದ್ರು, ಸರಿದೆ. ಮೊಣಕೈ ಸರಿಸು ಅಂತ ಯಾರೂ ಅನ್ನಲಿಲ್ಲ," ಎನ್ನುತ್ತಾನೆ.

ಇದಕ್ಕೆ ಸಾಕ್ಷಿ ಯಾರಾಗಬೇಕು? ಮೂರು ವರ್ಷ ಪಕ್ಕದಲ್ಲಿ ಕೂತ ನಾನು ತಾನೇ? ಇಲ್ಲೇ ಬಂತು ಫಜೀತಿ. ನಾನು ಧಾರವಾಡಕ್ಕೆ ಹೋಗಿ ತತ್ವಶಾಸ್ತ್ರದಲ್ಲಿ ಎಂ.ಎ. ಮಾಡಿ ಬಂದವನು. ಎದುರಿಗಿರುವ ಕಂಬವನ್ನು ಕಂಬ ಎಂದು ಒಪ್ಪಲು ನಮ್ಮ ಕಡೆ ಎರಡು ವರ್ಷ ಹಿಡಿಯುತ್ತದೆ. ಅದರಲ್ಲೂ ನನ್ನ ನೆನಪಿನ ಮೇಲೆ ನನಗೆ ಕಾಸಿನ ನಂಬಿಕೆಯಿಲ್ಲ. ಆ ಫೋಟೋ ಬೇವಿನ ಮರದ ಕೆಳಗೆ ತೆಗೆದದ್ದೆಂದೂ, ನಾನು ಹಿಂದಿನ ಸಾಲಿನಲ್ಲಿ ಎದೆಯುಬ್ಬಿಸಿ ನಿಂತಿದ್ದೆನೆಂದೂ ನನಗೆ ಸ್ಪಷ್ಟವಾಗಿ ನೆನಪಿದೆ. ಫೋಟೋ ನೋಡಿದರೆ ಮರವೇ ಇಲ್ಲ, ಸುಣ್ಣ ಉದುರಿದ ಗೋಡೆಯಿದೆ. ನಾನು ಎಲ್ಲರಿಗಿಂತ ಮುಂದೆ ನೆಲದ ಮೇಲೆ ಬಾಯಿ ತೆರೆದುಕೊಂಡು ಕೂತಿದ್ದೇನೆ! ಆ ದಿನ ನಾನು ಜ್ವರದಿಂದ ಮನೆಯಲ್ಲೇ ಮಲಗಿದ್ದೆ ಎಂದು ನಮ್ಮವ್ವ ಸಾಯುವ ತನಕ ಸಾಧಿಸಿದಳು. ಇಂಥವನು ಇನ್ನೊಬ್ಬರ ಮೊಣಕೈಗೆ ಏನು ಸಾಕ್ಷಿ ಹೇಳಿಯಾನು?

ಅವನಿಗೆ ಇಂಥ ಅನುಮಾನಗಳ ಬಾಧೆಯಿಲ್ಲ. ಗಿರಣಿಯಲ್ಲಿ ಹಮಾಲನಾಗಿ ಸೇರಿ, ಮುಂದೆ ಅದೇ ಗಿರಣಿಯ ಪಾಲುದಾರನಾದವನು ಅವನು. ಒಮ್ಮೆ ಅವನ ಗಿರಣಿಗೆ ಹೋಗಿದ್ದಾಗ, ಒಂದು ಮೊಣಕೈ ನೋಡಿ ಇಡೀ ಮನುಷ್ಯನನ್ನು ಊಹಿಸುವುದು ತರ್ಕಕ್ಕೆ ಒಪ್ಪದ ಮಾತು ಎಂದು ತಿಳಿಸಿ ಹೇಳಿದೆ. ಅವನು ಎದುರಿಗೆ ಪೇರಿಸಿದ್ದ ಚೀಲವೊಂದಕ್ಕೆ ಮೊನಚು ಕೊಳವೆ ಚುಚ್ಚಿದ. ಅದರಿಂದ ಇಳಿದ ಒಂದಿಷ್ಟು ಅಕ್ಕಿಯನ್ನು ನನ್ನ ಅಂಗೈಗೆ ಸುರಿದು ಹೇಳಿದ:

"ಇಷ್ಟು ನೋಡಿ ನಾವು ಲಾರಿ ಲೋಡು ಅಕ್ಕಿ ತಗೊಂತೀವಿ. ಎಲ್ಲಾ ಚೀಲಾ ಬಿಚ್ಚಿ ನೋಡ್ತೀನಿ ಅನ್ನಾವ ಯಾಪಾರ ಮಾಡಾಕಾಗಲ್ಲ. ನಿಮ್ಮ ಧಾರವಾಡದಾಗ ಎಲ್ಲಾ ಚೀಲಾ ಬಿಚ್ಚಸ್ತಾರೇನು?"

ಬಿಚ್ಚಿಸುತ್ತಾರೆ, ಆಮೇಲೆ ಚೀಲವೇ ಇಲ್ಲ ಎನ್ನುತ್ತಾರೆ ಎಂದು ಹೇಳಬೇಕೆನಿಸಿತು. ಅದರ ಬದಲು ಅಂಗೈಯ ಅಕ್ಕಿಯನ್ನು ಬಾಯಿಗೆ ಹಾಕಿಕೊಂಡೆ.

ಅವನ ಮನೆಯ ಪಡಸಾಲೆಯಲ್ಲಿ ಆ ಫೋಟೋವನ್ನು ದೇವರ ಪಟಕ್ಕಿಂತ ಒಂದು ಮೊಳ ಮೇಲೆ ತೂಗುಹಾಕಿದ್ದಾನೆ. ಬಂದ ನೆಂಟರಿಗೆಲ್ಲ ಅದನ್ನು ತೋರಿಸಿ ವಿವರಿಸುವ ಕೆಲಸ ಅವನ ಹೆಂಡತಿಯದು. ಒಮ್ಮೆ ನನ್ನೆದುರಿಗೇ, ಯಾರಿಗೋ, ಎಳ್ಳಷ್ಟೂ ನಗದೆ ಹೇಳುತ್ತಿದ್ದಳು: "ಇವ್ರು ವಕೀಲ್ರು. ಇವ್ರು ಕಾಲೇಜಿನ ಮೇಷ್ಟ್ರು, ಬಾಯಿ ತಗದಾರಲ್ಲ, ಇವ್ರು. ನಮ್ಮ ಮನಿಯವ್ರು ಈ ಕಡಿ ಅದಾರ, ಫೋಟೋದ ಹೊರಗ." ನೆಂಟ ಕತ್ತು ಬಗ್ಗಿಸಿ ಚೌಕಟ್ಟಿನ ಪಕ್ಕದ ಗೋಡೆಯನ್ನೇ ಭಕ್ತಿಯಿಂದ ನೋಡಿದ!

ಎಂಬತ್ತರ ದಶಕ ಬಂತು. ನಮ್ಮ ಕೂದಲು ಅಲ್ಲಲ್ಲಿ ಬಿಳಿಯಾಗತೊಡಗಿತು. ಹಳೆಯ ಬ್ಯಾಚನ್ನೆಲ್ಲ ಮತ್ತೆ ಕುರುಗೋಡಿನಲ್ಲಿ ಸೇರಿಸಬೇಕು, ಅದೇ ಗೋಡೆಯ ಮುಂದೆ ಮತ್ತೊಂದು ಫೋಟೋ ತೆಗೆಸಬೇಕು ಎಂದು ಅವನ ತಲೆಗೆ ಹೊಕ್ಕಿತು. ಈ ಸಲವಾದರೂ ಫೋಟೋದಲ್ಲಿ ಪೂರ್ತಿಯಾಗಿ ನಿಲ್ಲಬೇಕು, ಇದು ಅವನ ಆಸೆ. ಅದನ್ನವನು ಮುಚ್ಚಿಡಲೂ ಇಲ್ಲ.

ಬಳ್ಳಾರಿಯ ಗಾಂಧಿನಗರದಲ್ಲಿ ವಕೀಲನ ಮನೆಯಲ್ಲಿ ಮೊದಲ ಸಭೆ ಸೇರಿತು. ಈ ವಕೀಲ ನಮ್ಮ ಕ್ಲಾಸ್ ಲೀಡರ್ ಆಗಿದ್ದವನು. ಗದ್ದಲ ಮಾಡಿದವರ ಹೆಸರನ್ನು ಬೋರ್ಡಿನ ಮೇಲೆ ಬರೆಯುವ ಕೆಲಸ ಅವನಿಗೆ ಬಾಲ್ಯದಲ್ಲೇ ಸಿಕ್ಕಿತ್ತು. ಆ ಗತ್ತು ಇನ್ನೂ ಇಳಿದಿರಲಿಲ್ಲ. ಸೇರುವುದು ಒಳ್ಳೆಯದೇ ಎಂದ. ಊಟವೂ ಇರಲಿ ಎಂದ. ಫೋಟೋ ಮಾತ್ರ ಪರೀಕ್ಷೆಗೆ ಕೂತವರದ್ದಾಗಬೇಕು ಎಂದ. ಒಬ್ಬರನ್ನು ಬಿಟ್ಟುಕೊಂಡರೆ ಎಂಟನೆಯದಕ್ಕೇ ಶಾಲೆ ಬಿಟ್ಟವರೂ ಬರುತ್ತಾರೆ, ಕುರುಗೋಡಿನ ಗುಡ್ಡದ ಮೇಲೆ ನಿಂತು ಫೋಟೋ ತೆಗೆಯಬೇಕಾದೀತು ಎಂದು ವಾದಿಸಿದ. ಮೊಣಕೈಯ ವಿಷಯ ಬಂದಾಗ, ಅದು ಶಾಲೆಯ ಜವಾನನದ್ದು ಎಂದು ತೀರ್ಪನ್ನೇ ಕೊಟ್ಟುಬಿಟ್ಟ.

ನನ್ನ ಗೆಳೆಯನಿಗೆ ಸಿಟ್ಟು ಬಂದರೆ ತೆಲುಗು ಬರುತ್ತದೆ. ಅಂದು ಕನ್ನಡದಲ್ಲೇ, ಬಹಳ ಮೆತ್ತಗೆ ಹೇಳಿದ: "ಆತು. ಎಲ್ಲಾರನ್ನೂ ನಾನ ಕರ್ಕೊಂಡು ಬರ್ತೀನಿ. ಅವತ್ತಿಗೆ ಸಾಕ್ಷಿನೂ ತರ್ತೀನಿ."

ಮರುದಿನದಿಂದ ದಂಡಯಾತ್ರೆ ಶುರುವಾಯಿತು. ಕಾರ್ಡು ಹಾಕಿದರೆ ಸಾಕಲ್ಲವೇ ಎಂದೆ. ಇಷ್ಟು ವರ್ಷ ಸುದ್ದಿಯಿಲ್ಲದವನ ಕಾರ್ಡು ಬಂದರೆ ಯಾರೋ ಸತ್ತರೆಂದು ತಿಳಿದು ಓದುವ ಮೊದಲೇ ಸ್ನಾನ ಮಾಡುತ್ತಾರೆ ಎಂದ. ಮದುವೆಗೆ ಕರೆಯುವ ಹಾಗೆ ಮನೆಮನೆಗೆ ಹೋಗಿ, ಅಕ್ಷತೆ ಕೊಟ್ಟು, ಕುಂಕುಮ ಹಚ್ಚಿ ಕರೆಯಬೇಕಂತೆ. ಮೊಪೆಡ್ಡಿನ ಮುಂದೆ ರೆಕ್ಸಿನ್ ಚೀಲ, ಚೀಲದಲ್ಲಿ ಅಕ್ಷತೆ, ಕುಂಕುಮದ ಭರಣಿ, ಬಟ್ಟೆಯಲ್ಲಿ ಸುತ್ತಿದ ಫೋಟೋ. ಸಿರುಗುಪ್ಪ, ಕೊಳಗಲ್ಲು, ಬಳ್ಳಾರಿಯ ಸಂದಿಗೊಂದಿ, ಯಾವುದನ್ನೂ ಬಿಡಲಿಲ್ಲ. ಕರೆದಾದ ಮೇಲೆ ಒಂದು ಸಣ್ಣ ತಪಾಸಣೆ: ಅಂಗಿಯ ತೋಳು ಏರಿಸಿ ಮೊಣಕೈ ತೋರಿಸಬೇಕು. ಫೋಟೋದಲ್ಲಿ ಅವರವರ ಎರಡೂ ಮೊಣಕೈ ಅವರವರ ಹತ್ತಿರವೇ ಇರುವಾಗ ಇದೇಕೆ ಎಂದು ಕೇಳಿದೆ. ನಾಳೆ ಯಾರೂ ತಕರಾರು ತೆಗೆಯಬಾರದು, ಅದಕ್ಕೆ ಎಂದ! ಹೆಂಡತಿ, ಮಕ್ಕಳ ಎದುರಿಗೆ ಗೌರವಸ್ಥರು ಅಂಗಿ ಏರಿಸಿ ಮೊಣಕೈ ಒಪ್ಪಿಸಿದರು.

ರೂಪನಗುಡಿಯಲ್ಲಿ ಆದದ್ದನ್ನು ಹೇಳದಿದ್ದರೆ ತಪ್ಪಾದೀತು. ಅಲ್ಲಿಯ ನಮ್ಮ ಸಹಪಾಠಿ ಹೊಲಕ್ಕೆ ಹೋಗಿದ್ದ. ಆ ದಿನವೇ ಅವನ ಮಗಳನ್ನು ನೋಡಲು ಗಂಡಿನ ಕಡೆಯವರು ಬರುವುದಿತ್ತು. ಶುಭ್ರ ಪಂಚೆ, ಅಕ್ಷತೆ, ಕುಂಕುಮದ ಸಮೇತ ಬಂದಿಳಿದ ನಮ್ಮವನನ್ನು ಹುಡುಗನ ತಂದೆಯೇ ಇರಬೇಕೆಂದುಕೊಂಡು ಕಂಬಳಿ ಹಾಸಿ ಕೂರಿಸಿದರು. ತಿನ್ನಲು ಮಂಡಾಳು ಒಗ್ಗರಣೆ, ಮಿರ್ಚಿ ಬಜ್ಜಿ ಬಂದವು. ಹಳೆಯ ಗೆಳೆತನಕ್ಕೆ ಇಷ್ಟು ಮರ್ಯಾದೆಯೇ ಎಂದು ಇವನ ಕಣ್ಣು ತುಂಬಿತು. ಮಿರ್ಚಿಯದ್ದೂ ಸ್ವಲ್ಪ ಪಾಲಿರಬೇಕು. ಕಣ್ಣು ಮಂಜಾಗಿದ್ದ ಮನೆಯ ಹಿರಿಯಜ್ಜ ಇವನನ್ನೇ ಮದುವೆಯ ಗಂಡೆಂದು ತಿಳಿದು ಹತ್ತಿರ ಸರಿದು, ಓದು ಎಲ್ಲಿಯವರೆಗೆ ಆಗಿದೆ ಎಂದು ಕೇಳಿದರು. ಇವನಿಗೆ ಅದೇ ಹುಣ್ಣು. ತಲೆ ತಗ್ಗಿಸಿ, ಎಸ್ಸೆಸ್ಸೆಲ್ಸಿಗೆ ಸ್ವಲ್ಪದರಲ್ಲೇ ತಪ್ಪಿತು ಎಂದ. ಅಜ್ಜ ಹೋಗಲಿ ಎಂದುಕೊಂಡು ವಯಸ್ಸು ಕೇಳಿದರು. ನಲವತ್ತು ಸಮೀಪಿಸಿತು ಎಂದ. ಅಜ್ಜನ ಮುಖ ಬದಲಾಯಿತು. ಮಕ್ಕಳೇ ಮೂವರಿದ್ದಾರೆ ಎಂದು ಇವನು ಅಭಿಮಾನದಿಂದ ಸೇರಿಸಿದ. ಅಜ್ಜ ಬಡಿಗೆ ಹುಡುಕತೊಡಗಿದರು!

ಹೊಲದಿಂದ ಓಡಿಬಂದ ಸಹಪಾಠಿ ಬಿಡಿಸಿ ಹೇಳಿದ ಮೇಲೆ ಅಜ್ಜ ಬಡಿಗೆ ಕೆಳಗಿಟ್ಟರು. ನಮ್ಮವನು ಅದರ ನಡುವೆಯೂ ಸಹಪಾಠಿಯ ಮೊಣಕೈ ನೋಡಿಕೊಂಡೇ ಬಂದ.

ಒಂದು ಭಾನುವಾರ ಕುರುಗೋಡಿನ ಶಾಲೆಯ ಅಂಗಳದಲ್ಲಿ ಎಲ್ಲರೂ ಸೇರಿದೆವು. ಬರಲಾಗದು ಎಂದವರೂ ಅಕ್ಷತೆಯ ಮುಲಾಜಿಗೆ ಬಂದಿದ್ದರು. ಒಬ್ಬರನ್ನೊಬ್ಬರು ಗುರುತಿಸಲಾಗದೆ, ಹೊಟ್ಟೆ, ಬೋಳುತಲೆಗಳನ್ನೆಲ್ಲ ಮನಸ್ಸಿನಲ್ಲೇ ತೆಗೆದುಹಾಕಿ ನೋಡುತ್ತಿದ್ದೆವು. ನಮ್ಮವನು ಬೆಳಗಿನಿಂದ ಒಂದು ಕಡೆ ಕೂತಿರಲಿಲ್ಲ. ಅಡಿಗೆಯವರಿಗೆ ಅಕ್ಕಿ ಅವನದೇ, ಬೆಂಚು ಹೊರುವವನೂ ಅವನೇ, ಫೋಟೋಗ್ರಾಫರನಿಗೆ ಬಿಸಿಲು ಎತ್ತ ಬೀಳುತ್ತದೆಂದು ತೋರಿಸುವವನೂ ಅವನೇ. ಸಾಲು ನಿಲ್ಲಿಸಿದ್ದೂ ಅವನೇ. ಎಲ್ಲರೂ ನಿಂತ ಮೇಲೆ ಅವನೊಬ್ಬ ಫೋಟೋಗ್ರಾಫರನ ಪಕ್ಕದಲ್ಲಿ ಉಳಿದ. ಚೀಲದಿಂದ ಹಳೆಯ ಫೋಟೋ ತೆಗೆದು, ಸಾಲಿನ ಕಡೆ ನೋಡುತ್ತ ನಿಂತುಕೊಂಡ.

ವಕೀಲ ಕುರ್ಚಿಯಿಂದ ಎದ್ದ. ಅವನು ಕೆಟ್ಟವನಲ್ಲ, ಒಮ್ಮೆ ಕೊಟ್ಟ ಮಾತಿನಿಂದ ಇಳಿಯಲು ಅವನಿಗೆ ಒಂದು ಮೆಟ್ಟಿಲು ಬೇಕಿತ್ತು. ಆ ಮೆಟ್ಟಿಲನ್ನು ನನ್ನ ಹತ್ತಿರ ಹುಡುಕಿದ.

"ನೀನು ಅವನ ಬೆಂಚಿನಾವ. ನೀನೊಬ್ಬ ಹೇಳಿದ್ರ ಮುಗೀತು. ಆ ದಿನಾ ಇಂವ ಬಂದಿದ್ನೇನು?"

ಅಂಗಳದಲ್ಲಿ ಎಲ್ಲರೂ ನನ್ನ ಮುಖ ನೋಡಿದರು. ನಮ್ಮವನು ಮಾತ್ರ ನೋಡಲಿಲ್ಲ, ಫೋಟೋದ ಗಾಜನ್ನು ಅಂಗಿಯಿಂದ ಒರೆಸುತ್ತಿದ್ದ. ಹೌದು ಎಂದುಬಿಟ್ಟರೆ ಆಗುತ್ತಿತ್ತು. ಎಷ್ಟು ಜನ ಎಷ್ಟು ಸಣ್ಣ ಕಾರಣಕ್ಕೆ ಸುಳ್ಳು ಹೇಳುವುದಿಲ್ಲ! ಆದರೆ ಇಪ್ಪತ್ತು ವರ್ಷ ಅವನು ಕಾದದ್ದು ನನ್ನ ಸುಳ್ಳಿಗಾಗಿ ಅಲ್ಲ ಎನಿಸಿತು. ಕಣ್ಣು ಮುಚ್ಚಿ ಹುಡುಕಿದೆ. ಮತ್ತೆ ಆ ಬೇವಿನ ಮರವೇ ಬಂತು, ಇಲ್ಲದ ಮರ.

"ನನಗ ನೆನಪಿಲ್ಲ," ಅಂದೆ.

ಒರೆಸುತ್ತಿದ್ದ ಕೈ ನಿಂತಿತು. ಅವನ ಹೆಂಡತಿ ಅಡಿಗೆಯ ಕಡೆಯಿಂದ ನನ್ನನ್ನು ನೋಡಿದ ರೀತಿಯನ್ನು ಮಾತ್ರ ಯಾವ ತತ್ವಶಾಸ್ತ್ರವೂ ನನ್ನಿಂದ ಅಳಿಸಲಾರದು. ನಾನು ವಕೀಲನಿಗೆ ಹೇಳಿದೆ:

"ಆ ದಿನ ಯಾರು ಬಂದಿದ್ರು ಅಂತ ನನ್ನ ಕೇಳಬ್ಯಾಡ. ನಾನು ಬಂದಿದ್ದೆನೋ ಇಲ್ಲೋ ಅದ ನನಗ ಗೊತ್ತಿಲ್ಲ. ಇವತ್ತು ಯಾರು ಬಂದಾರ ಅಂತ ಕೇಳು. ಅಂವ ಅಲ್ಲಿ ನಿಂತಾನ, ನನ್ನ ಕಣ್ಣಿಗೆ ಕಾಣಸ್ತಾನ. ಅಂವ ಬರೋತನಕ ನಾನು ಈ ಸಾಲಿನಾಗ ನಿಂದ್ರೂದಿಲ್ಲ."

ಹಾಗೆಂದು ಸಾಲಿನಿಂದ ಹೊರಗೆ ಬಂದೆ. ನನ್ನ ಜನ್ಮದಲ್ಲಿ ನಾನು ಅನುಮಾನವಿಲ್ಲದೆ ಇಟ್ಟ ಹೆಜ್ಜೆ ಅದೊಂದೇ ಇರಬೇಕು. ರೂಪನಗುಡಿಯವನು ನನ್ನ ಹಿಂದೆಯೇ ಬಂದ. ಅವನ ಹಿಂದೆ ಇನ್ನಿಬ್ಬರು. ಸಾಲು ಸಡಿಲವಾಗುತ್ತ ಹೋಯಿತು. ಕೊನೆಗೆ ಕುರ್ಚಿಗಳ ನಡುವೆ ವಕೀಲನೊಬ್ಬನೇ ಉಳಿದ. ಒಬ್ಬನೇ ನಿಂತರೆ ಅದು ಗುಂಪು ಫೋಟೋ ಆಗುವುದಿಲ್ಲವೆಂಬ ಕಾನೂನು ಅವನಿಗೂ ಗೊತ್ತಿತ್ತು. ತನ್ನ ಕುರ್ಚಿಯನ್ನು ತಾನೇ ಎತ್ತಿ ಒಂದು ಮಾರು ಪಕ್ಕಕ್ಕೆ ಇಟ್ಟು, ನಡುವೆ ಜಾಗ ಮಾಡಿ, "ಬಾರಲೇ," ಎಂದ.

ಮತ್ತೆ ಸಾಲು ಕಟ್ಟಿತು. ನಮ್ಮವನು ನಡುವೆ ನಿಂತ, ಅವನ ಹಿಂದೆ ನಾನು. ಫೋಟೋಗ್ರಾಫರ್ ಕಪ್ಪು ಬಟ್ಟೆಯೊಳಗೆ ತಲೆ ಹಾಕಿದ. ಎಲ್ಲರೂ ಉಸಿರು ಬಿಗಿಹಿಡಿದೆವು. ಆಗ ನಮ್ಮವನು ತಲೆ ಅಲ್ಲಾಡಿಸದೆ, ನನಗೊಬ್ಬನಿಗೇ ಕೇಳುವಂತೆ ಹೇಳಿದ:

"ಖರೆ ಹೇಳ್ಲೇನು? ಆ ದಿನಾ ಸಿರುಗುಪ್ಪ ಬಸ್ ಸ್ಟ್ಯಾಂಡಿನಾಗ ಬಂದು ನಿಂತಿದ್ದೆ. ಅದು ಪಕ್ಕಾ ನೆನಪೈತಿ. ಬಸ್ಸು ಹತ್ತಿದ್ದು ನನಗೂ ನೆನಪಿಲ್ಲಲೇ."

ನಾನು ಹಿಂದಿನಿಂದ ಅವನ ಅಂಗಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೆ. ಫೋಟೋ ತೆಗೆದಾದ ಮೇಲೂ ಸ್ವಲ್ಪ ಹೊತ್ತು ಬಿಡಲಿಲ್ಲ.