ಮೂವತ್ತಾರರ ರೀಲಿನಲ್ಲಿ ನಲವತ್ತೆರಡು

ಈ ಭಾನುವಾರ ತಾನು ತೆಗೆಯುವ ಫೋಟೋವನ್ನು ಮೊಮ್ಮಕ್ಕಳ ಮೊಮ್ಮಕ್ಕಳು ಗೋಡೆಗೆ ತೂಗುಹಾಕಿಕೊಳ್ಳಬೇಕು ಎಂದು ಚಾಳೀಸಪ್ಪ ತೀರ್ಮಾನಿಸಿದ. ಇಪ್ಪತ್ತೆರಡು ವರ್ಷದಿಂದ ಕನ್ನಡಕದ ಅಂಗಡಿ ಇಟ್ಟವನಿಗೆ ಬೀದಿಯವರು ಕೊಟ್ಟ ಹೆಸರು ಅದು. ನಿಜವಾದ ಹೆಸರು ಹೆಂಡತಿಗೂ ಅರ್ಜಿ ತುಂಬುವಾಗ ಮಾತ್ರ ನೆನಪಾಗುತ್ತಿತ್ತು.

ರೇಡಿಯೋ ರಿಪೇರಿಯವನ ಅಂಗಡಿಯಲ್ಲಿ ಅವನ ಕಣ್ಣಿಗೆ ಬಿದ್ದದ್ದು ಒಂದು ಹಳೇ ರೀಲು ಕ್ಯಾಮೆರಾ. ಕಪ್ಪು ಬಣ್ಣ ಸವೆದು ಮೂಲೆಗಳಲ್ಲಿ ಹಿತ್ತಾಳೆ ಇಣುಕುತ್ತಿತ್ತು. ತೂಕ ಇಸ್ತ್ರಿಪೆಟ್ಟಿಗೆಗೆ ಸಮ.

"ಇದರ ಕಿಟಕಿಯಲ್ಲಿ ಎದುರಿಗಿರೋರು ಎರಡೆರಡಾಗಿ ಕಾಣ್ತಾರೆ. ಈ ಉಂಗುರ ತಿರುಗಿಸ್ತಾ ಹೋಗಿ. ಎರಡೂ ಸೇರಿ ಒಂದಾದಾಗ ಬಟನ್ ಒತ್ತಿ," ಎಂದ ರಿಪೇರಿಯವನು.

"ಎರಡೆರಡಾಗಿ ಕಾಣೋದನ್ನ ಒಂದು ಮಾಡೋದೇ ನನ್ನ ಕಸುಬು ಕಣಯ್ಯಾ."

"ರೀಲು ಹಾಕೋದು ತೋರಿಸ್ಲಾ?"

"ನನಗಾ?" ಎಂದು ಚಾಳೀಸಪ್ಪ ನಕ್ಕ. ಆ ನಗು ಅವನಿಗೆ ಮುಂದೆ ಬಹಳ ದುಬಾರಿಯಾಯಿತು.

ಭಾನುವಾರದ ಸಂಗತಿ ಸಣ್ಣದಾಗಿರಲಿಲ್ಲ. ಅವನ ಮನೆಯಲ್ಲೇ ಇದ್ದ ಅತ್ತೆಗೂ ಊರಿನ ಆ ತುದಿಯಲ್ಲಿದ್ದ ಅವರ ಅಕ್ಕನಿಗೂ ಹನ್ನೊಂದು ವರ್ಷದಿಂದ ಮಾತಿಲ್ಲ. ಕಾರಣ, ತಾಯಿ ಬಿಟ್ಟುಹೋದ ಹೊಲಿಗೆ ಯಂತ್ರ ಯಾರಿಗೆ ಸೇರಬೇಕೆಂಬುದು. ಇಬ್ಬರಿಗೂ ಹೊಲಿಗೆ ಬಾರದು. ಚಾಳೀಸಪ್ಪನ ಹೆಂಡತಿ ವರ್ಷಗಟ್ಟಲೆ ಗೋಗರೆದು ದೊಡ್ಡಮ್ಮನನ್ನು ಒಪ್ಪಿಸಿದ್ದಳು: "ಮಾತಾಡೋದು ಬೇಡ ದೊಡ್ಡಮ್ಮ. ಅಮ್ಮನ ಜೊತೆ ಒಂದು ಫೋಟೋ ತೆಗೆಸಿಕೊಂಡು ಹೋಗಿ, ಸಾಕು."

ಅಕ್ಕ ತಂಗಿಯರು ಸೋಫಾದ ಎರಡು ತುದಿಗಳಲ್ಲಿ ಕೂತರು. ನಡುವೆ ಇನ್ನಿಬ್ಬರು ಕೂತು ಜಗಳವಾಡುವಷ್ಟು ಜಾಗವಿತ್ತು. ಹೆಂಡತಿ ಮೊಬೈಲು ತೆಗೆದಳು.

"ಇಡು ಅದನ್ನ. ನನ್ನ ಮೇಲೆ ನಂಬಿಕೆ ಇಲ್ವಾ?"

"ನಿಮ್ಮ ಮೇಲಿದೆ. ಅದರ ಮೇಲಿಲ್ಲ."

"ದೊಡ್ಡತ್ತೆ, ಈ ಕಡೆ ಸರೀರಿ. ಅತ್ತೆ, ನೀವೂ. ಭುಜಕ್ಕೆ ಭುಜ ತಾಗಬೇಕು. ಹಾಂ, ಅಲುಗಾಡಬೇಡಿ."

ಅವನು ಉಂಗುರ ತಿರುಗಿಸತೊಡಗಿದ. ಅತ್ತೆಯ ಮೂಗು ಒಂದಾದರೆ ದೊಡ್ಡತ್ತೆಯ ಗಲ್ಲ ಎರಡಾಗುತ್ತಿತ್ತು. ಗಲ್ಲವನ್ನು ಹಿಡಿದು ತರುವಷ್ಟರಲ್ಲಿ ಮೂಗು ಕೈಬಿಡುತ್ತಿತ್ತು. ಹತ್ತು ನಿಮಿಷವಾಯಿತು. ದೊಡ್ಡತ್ತೆ ತುಟಿ ಅಲುಗಿಸದೆ, "ಇನ್ನೂ ಎಷ್ಟು ಹೊತ್ತಂತೆ?" ಎಂದರು. ಹನ್ನೊಂದು ವರ್ಷದಲ್ಲಿ ತಂಗಿಗೆ ಆಡಿದ ಮೊದಲ ಮಾತು.

"ನನಗೊಂದು ಕನ್ನಡಕ ಹಾಕಿಕೊಡೋಕೆ ಮೂರು ವಾರ ತಗೊಂಡ್ರು ಅಕ್ಕ," ಎಂದರು ಅತ್ತೆ.

ದೊಡ್ಡತ್ತೆ ಕಿಸಕ್ಕನೆ ನಕ್ಕರು. ಅತ್ತೆ ಅವರ ತೋಳಿಗೆ ಒರಗಿ ನಕ್ಕರು. ಆಮೇಲೆ ಇಬ್ಬರೂ ಅತ್ತರು, ಬಾಗಿಲ ಬಳಿ ನಿಂತ ಹೆಂಡತಿಯೂ ಅತ್ತಳು. ಚಾಳೀಸಪ್ಪ ಮಾತ್ರ ಅಳದೆ ಪಟಪಟನೆ ಬಟನ್ ಒತ್ತುತ್ತ ಹೋದ. ಮೂವತ್ತಾರು ಫೋಟೋದ ರೀಲು ಮೂವತ್ತೆಂಟಕ್ಕೂ ನಿಲ್ಲಲಿಲ್ಲ, ನಲವತ್ತಕ್ಕೂ ನಿಲ್ಲಲಿಲ್ಲ. ನಲವತ್ತೆರಡಕ್ಕೆ ಅವನೇ ಕೈನೋವು ಬಂದು ನಿಲ್ಲಿಸಿದ.

"ಹಳೇ ಕಾಲದೋರು ಧಾರಾಳಿಗಳು ಕಣೇ. ಮೂವತ್ತಾರು ಅಂತ ಬರೆದು ನಲವತ್ತೆರಡು ಕೊಡ್ತಾರೆ."

ಸ್ಟುಡಿಯೋದವನು ಕ್ಯಾಮೆರಾ ಹಿಡಿದು ಕತ್ತಲೆ ಕೋಣೆಗೆ ಹೋದವನು ಎರಡೇ ನಿಮಿಷಕ್ಕೆ ಹೊರಗೆ ಬಂದ.

"ರೀಲಿನ ತುದಿ ಚಕ್ರಕ್ಕೆ ಸಿಕ್ಕೇ ಇಲ್ಲ ಸಾರ್. ಡಬ್ಬಿಯಿಂದ ಆಚೆ ಕಾಲಿಟ್ಟಿಲ್ಲ."

"ನಲವತ್ತೆರಡು ತೆಗೆದಿದ್ದೀನಿ."

"ನಾಲ್ಕು ನೂರು ಬೇಕಾದ್ರೂ ತೆಗೀಬಹುದಿತ್ತು."

ದಾರಿಯುದ್ದಕ್ಕೂ ಸುಳ್ಳು ಹೊಸೆಯುತ್ತ ಬಂದ ಚಾಳೀಸಪ್ಪ, ಹೊಸ್ತಿಲು ದಾಟುತ್ತಲೇ ಮುಖ ಸಪ್ಪೆ ಮಾಡಿಕೊಂಡು ಹೆಂಡತಿಗೆ ಹೇಳಿದ: "ದೊಡ್ಡತ್ತೆ ಕಣ್ಣು ಮುಚ್ಚಿಬಿಟ್ಟಿದ್ದಾರೆ ಕಣೇ."

ಹೆಂಡತಿಯ ಕೈಯಲ್ಲಿದ್ದ ಪಾತ್ರೆ ನೆಲಕ್ಕೆ ಬಿತ್ತು. "ಯಾವಾಗ ರೀ?"

"ಭಾನುವಾರ. ನಲವತ್ತೆರಡು ಸಲವೂ."

ಅಷ್ಟರಲ್ಲಿ ಒಳಕೋಣೆಯಿಂದ ಅತ್ತೆಯ ಅಳು ಶುರುವಾಗಿತ್ತು. ಅಕ್ಕನ ಮನೆಗೆ ಫೋನ್ ಮಾಡಿ, "ಎಷ್ಟು ಹೊತ್ತಿಗೆ ಹೋಯ್ತು ಜೀವ?" ಎಂದು ಕೇಳಿದರು. ಆ ಕಡೆ ಫೋನೆತ್ತಿದ್ದು ಸ್ವತಃ ದೊಡ್ಡತ್ತೆ. "ಇನ್ನೂ ಹೋಗಿಲ್ಲ ಕಣೇ, ಊಟ ಮಾಡ್ತಿದ್ದೀನಿ," ಎಂದರು.

ಚಾಳೀಸಪ್ಪ ಬೈಸಿಕೊಂಡ ಪ್ರಮಾಣವನ್ನು ಇಲ್ಲಿ ಬರೆಯುವುದು ಬೇಡ. ಅಂತೂ ಮುಂದಿನ ಭಾನುವಾರ ಮತ್ತೊಮ್ಮೆ ಫೋಟೋ ಎಂದು ತೀರ್ಮಾನವಾಯಿತು. ಈ ಸಲ ಅವನು ರಿಪೇರಿಯವನ ಕಾಲು ಹಿಡಿಯುವುದೊಂದು ಬಾಕಿ, ರೀಲು ಹಾಕುವುದನ್ನು ಕಲಿತು ಬಂದ. ಚಕ್ರ ತಿರುಗುವುದನ್ನು ಮೂರು ಸಲ ನೋಡಿಕೊಂಡ.

ದೊಡ್ಡತ್ತೆ ಬೆಳಗ್ಗೆಯೇ ಬಂದರು. ಅಕ್ಕ ತಂಗಿಯರು ಈಗ ಹೇಳದೆಯೇ ಅಂಟಿಕೊಂಡು ಕೂತರು. ಒಬ್ಬರನ್ನೊಬ್ಬರು ಮೊಣಕೈಯಲ್ಲಿ ತಿವಿದುಕೊಳ್ಳುತ್ತ ಏನೋ ಪಿಸುಗುಟ್ಟಿದರು. ಚಾಳೀಸಪ್ಪ ಗದರಿಸಿದ: "ಮಾತು ಬೇಡ." ಅವರು ಸುಮ್ಮನಾದರು. ಮೂವತ್ತಾರಕ್ಕೆ ಸರಿಯಾಗಿ ರೀಲು ನಿಂತಾಗ ಅವನಿಗೆ ಕುಣಿಯುವಂತಾಯಿತು.

ಸ್ಟುಡಿಯೋದವನು ತೊಳೆದ ರೀಲನ್ನು ಬೆಳಕಿಗೆ ಹಿಡಿದ. ಕಿಟಕಿಯ ಗಾಜಿನಂತೆ ಖಾಲಿ.

"ಕತ್ತಲಲ್ಲಿ ತೆಗೆದ್ರಾ ಸಾರ್?"

"ಹಾಡಹಗಲು."

"ಹಾಗಾದ್ರೆ ಲೆನ್ಸಿನ ಮುಚ್ಚಳ ತೆಗೆದಿಲ್ಲ. ಈ ಕ್ಯಾಮೆರಾದಲ್ಲಿ ನೀವು ನೋಡೋದು ಮೇಲಿನ ಕಿಟಕಿಯಿಂದ, ಫೋಟೋ ತೆಗೆಯೋದು ಕೆಳಗಿನ ಲೆನ್ಸು. ಮುಚ್ಚಳ ಇದ್ರೂ ನಿಮಗೆ ಎಲ್ಲಾ ಚೆನ್ನಾಗೇ ಕಾಣುತ್ತೆ. ಕ್ಯಾಮೆರಾಗೆ ಮಾತ್ರ ಕಾಣಲ್ಲ."

ಊರಿಗೆಲ್ಲ ಕಣ್ಣು ಕೊಟ್ಟವನು ತನ್ನ ಕ್ಯಾಮೆರಾದ ಕಣ್ಣಿಗೆ ಪಟ್ಟಿ ಕಟ್ಟಿದ್ದ. ಇನ್ನು ಸುಳ್ಳು ಹೇಳುವ ಧೈರ್ಯ ಅವನಲ್ಲಿ ಉಳಿದಿರಲಿಲ್ಲ. ಮೂರನೆಯ ಭಾನುವಾರ ಫೋಟೋ ನೋಡಲೆಂದೇ ಬಂದ ದೊಡ್ಡತ್ತೆಯ ಮುಂದೆ, ಅತ್ತೆಯ ಮುಂದೆ, ಹೆಂಡತಿಯ ಮುಂದೆ ತಲೆ ತಗ್ಗಿಸಿ ನಿಂತು ಮೊದಲಿನಿಂದ ಕೊನೆಯವರೆಗೂ ಒಪ್ಪಿಸಿದ.

"ಮುಚ್ಚಳ ಇದ್ದದ್ದು ನಮಗೆ ಗೊತ್ತಿತ್ತು," ಎಂದರು ದೊಡ್ಡತ್ತೆ.

"ಮೊದಲನೇ ಫೋಟೋದಿಂದಲೇ," ಎಂದರು ಅತ್ತೆ.

ಚಾಳೀಸಪ್ಪ ತಲೆ ಎತ್ತಿದ. "ಹೇಳಬಾರದಿತ್ತಾ?"

"ಫೋಟೋ ಬಂದುಬಿಟ್ರೆ ನಾನು ಯಾವ ನೆಪ ಹೇಳಿಕೊಂಡು ಮತ್ತೆ ಬರಲಿ? ಹನ್ನೊಂದು ವರ್ಷ ಮುಖ ತಿರುಗಿಸಿಕೊಂಡು ಕೂತೋಳು, ಸುಮ್ಮಸುಮ್ಮನೆ ಬಂದು ಬಾಗಿಲು ತಟ್ಟೋಕಾಗುತ್ತಾ?"

ಹೆಂಡತಿ ಕಣ್ಣೊರೆಸಿಕೊಂಡು ಮೊಬೈಲು ಕೈಗೆತ್ತಿಕೊಂಡಳು. "ಹಾಗೇ ಕೂತಿರಿ. ನಾನೇ ಒಂದು ತೆಗೀತೀನಿ."

"ಬೇಡ ಕಣೇ," ಎಂದು ಅತ್ತೆ ಮುಖಕ್ಕೆ ಸೆರಗು ಅಡ್ಡ ಹಿಡಿದರು. "ಅದು ಒಂದೇ ಸಲಕ್ಕೆ ಬಂದುಬಿಡುತ್ತೆ. ಅಳಿಯಂದ್ರೇ ತೆಗೀಲಿ. ಅವರ ಮೇಲೆ ನಮಗೆ ಪೂರ್ತಿ ನಂಬಿಕೆ ಇದೆ."